ಹೊಸ ಚರ್ಮದ ಹೋಲ್ಸ್ಟರ್ ವಿಪರೀತ ಬಿಗಿ, ರಿವಾಲ್ವರ್ ಸಲೀಸಾಗಿ ಬರ್ತಾ ಇಲ್ಲ. ಹದ ಮಾಡೋದು ಹೇಗೆ?

ರೋಬಸ್ಟಾ_ಸಿದ್ದಾಪುರ

ಎಲ್ಲರಿಗೂ ನಮಸ್ಕಾರ. ಅಪ್ಪನ .32 ರಿವಾಲ್ವರ್ ಈಗ ನನ್ನ ಹೆಸರಿಗೆ ಬಂದಿದೆ. ಕಾನ್ಪುರದ ಆರ್ಡ್‌ನೆನ್ಸ್ ಫ್ಯಾಕ್ಟರಿಯದ್ದು. ಲ್ಯಾಚ್ ಒತ್ತಿ ನಳಿಗೆ ಬಗ್ಗಿಸಿ ಆರು ತೋಟಾ ತುಂಬುವ ಮಾದರಿ. ಅಪ್ಪ ಇಟ್ಟುಕೊಂಡಿದ್ದ ಕ್ಯಾನ್ವಾಸ್ ಚೀಲ ಪೂರ್ತಿ ಹರಿದುಹೋಗಿತ್ತು. ಹಾಗಾಗಿ ಸೊಂಟಕ್ಕೆ ಹಾಕುವ ಚರ್ಮದ ಹೋಲ್ಸ್ಟರ್ ಹೊಲಿಸಿದೆ. ಕೆಲಸ ಚೆನ್ನಾಗಿದೆ, ಸಿಲಿಂಡರ್ ಎಲ್ಲಿ ಉಬ್ಬಿದೆ, ಟ್ರಿಗರ್ ಗಾರ್ಡ್ ಎಲ್ಲಿ ತಿರುಗಿದೆ ಅಂತ ಹೊರಗಿನಿಂದಲೇ ಬೆರಳಿಟ್ಟು ತೋರಿಸಬಹುದು.

ತೊಂದರೆ ಇರೋದು ಬಿಗಿಯಲ್ಲಿ. ಒಳಗೆ ಕೂರಿಸಬೇಕಾದರೆ ಮೈಭಾರ ಹಾಕಿ ತಳ್ಳಬೇಕು. ಒಂದೇ ಕೈಯಲ್ಲಿ ಎಳೆದರೆ ಹೋಲ್ಸ್ಟರ್, ಬೆಲ್ಟು ಎಲ್ಲ ಸೇರಿ ಪಕ್ಕೆಲುಬಿನ ತನಕ ಮೇಲೆ ಬರುತ್ತೆ. ಮೇಲಿನ ಪಟ್ಟಿಯ ಟಿಚ್ ಬಟನ್ ಕೂರೋದೇ ಇಲ್ಲ, ಅರ್ಧ ಇಂಚು ಕಮ್ಮಿ ಬೀಳುತ್ತೆ. ಬಟವಾಡೆ ದುಡ್ಡು ತರೋಕೆ ಬ್ಯಾಂಕಿಗೆ ಹೋಗಿಬರುವಾಗ ಹಾಕಿಕೊಳ್ಳೋಣ ಅಂತ ಮಾಡಿಸಿದ್ದು. ಹೀಗಿದ್ದರೆ ಹಾಕಿಕೊಂಡೂ ಪ್ರಯೋಜನ ಇಲ್ಲ.

ಹೊಲಿದವರು "ಹಾಕ್ತಾ ಹಾಕ್ತಾ ಸರಿಹೋಗುತ್ತೆ" ಅಂದರು. ನೆಂಟರೊಬ್ಬರು ಬಿಸಿನೀರಲ್ಲಿ ಅದ್ದಿ ರಿವಾಲ್ವರ್ ಸಮೇತ ಒಣಗಿಸು ಅಂತಾರೆ. ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಕೊಬ್ಬರಿ ಎಣ್ಣೆ ತಿಕ್ಕಿ ಅಂತಾರೆ. ಯಾವುದನ್ನು ನಂಬಲಿ? ಚರ್ಮದ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

ಗೌಡ್ರು_ಮೂಡಿಗೆರೆ

ಕೊಬ್ಬರಿ ಎಣ್ಣೆಗಿಂತ ಹರಳೆಣ್ಣೆ ವಾಸಿ. ನಮ್ಮಜ್ಜ ಎಕ್ಕಡಕ್ಕೆ ಹರಳೆಣ್ಣೆ ಹಚ್ಚಿ ಬಿಸಿಲಿಗೆ ಇಡ್ತಿದ್ದರು, ಎಂಥ ಒರಟು ಚರ್ಮವೂ ಮೆತ್ತಗಾಗ್ತಿತ್ತು. ಒಳಗೂ ಹೊರಗೂ ಹಚ್ಚಿ ಎರಡು ದಿನ ಬಿಡಿ.

ಜೀನು_ಲಗಾಮು_ಮೈಸೂರು

ಸಿದ್ದಾಪುರದವರೇ, ದಯಮಾಡಿ ಎಣ್ಣೆ ಮುಟ್ಟಿಸಬೇಡಿ. ನೀರೂ ಬೇಡ. ಗೌಡ್ರೇ, ನಿಮ್ಮ ಅಜ್ಜನವರು ಮಾಡಿದ್ದು ಎಕ್ಕಡಕ್ಕೆ ಸರಿಯೇ. ಎಕ್ಕಡ ಮೆತ್ತಗಾಗಬೇಕು, ಹೋಲ್ಸ್ಟರ್ ಮೆತ್ತಗಾಗಬಾರದು. ಎರಡರ ಕೆಲಸವೇ ಬೇರೆ.

ನಮ್ಮದು ಕುದುರೆ ಜೀನು, ಲಗಾಮು, ಬೆಲ್ಟು ಹೊಲಿಯುವ ಮನೆ. ಹೋಲ್ಸ್ಟರ್ ಕೂಡ ಹೊಲಿಯುತ್ತೇವೆ, ಹೆಚ್ಚಿನವು ಕೊಡಗಿನ ಕಡೆಯವರಿಗೇ. ನೀವು ಬರೆದಿದ್ದು ಓದಿದರೆ ನಿಮಗೆ ಹೊಲಿದುಕೊಟ್ಟವರು ಕೆಲಸ ಬಲ್ಲವರು ಅನ್ನಿಸುತ್ತೆ. ಚರ್ಮವನ್ನು ಒದ್ದೆ ಮಾಡಿ, ಆಯುಧದ ಅಳತೆಯ ಅಚ್ಚಿನ ಮೇಲೆ ಕೂರಿಸಿ, ನುಣುಪಾದ ಮೂಳೆಯಲ್ಲೋ ಮರದ ತುಂಡಿನಲ್ಲೋ ಉಜ್ಜಿ ಉಜ್ಜಿ ಆಕಾರ ತೆಗೆದು ಒಣಗಿಸಿದಾಗ ಮಾತ್ರ ಸಿಲಿಂಡರಿನ ಉಬ್ಬು ಹಾಗೆ ಹೊರಗೆ ಕಾಣುತ್ತೆ. ಒಣಗುವಾಗ ಚರ್ಮ ಒಂಚೂರು ಕುಗ್ಗುತ್ತೆ. ಮೊದಮೊದಲು ಬಿಗಿ ಬರೋದು ಅದಕ್ಕೇ. ಆ ಬಿಗಿಯೇ ನಿಮ್ಮ ಆಯುಧವನ್ನು ಹಿಡಿದುಕೊಳ್ಳೋದು. ನೀವು ತೋಟದ ಏರಿ ಹತ್ತುವಾಗ, ಜೀಪಿನಿಂದ ಧುಮುಕುವಾಗ ಅದು ಜಾರದೆ ಕೂತಿರಬೇಕು. ಎಣ್ಣೆ ಕುಡಿಸಿದರೆ ಚರ್ಮದ ಎಳೆಗಳು ಸಡಿಲಾಗಿ ಬಾಯಿ ಜೋತುಬೀಳುತ್ತೆ. ಒಮ್ಮೆ ಜೋತುಬಿದ್ದ ಬಾಯಿಯನ್ನು ಮತ್ತೆ ಗಟ್ಟಿ ಮಾಡೋದು ನನ್ನ ಕೈಲೂ ಆಗಲ್ಲ. ಕೊಬ್ಬರಿ ಎಣ್ಣೆಗಂತೂ ಇನ್ನೊಂದು ಕಾಟ. ನಿಮ್ಮ ಕಡೆಯ ಡಿಸೆಂಬರ್ ಚಳಿಗೆ ಚರ್ಮದೊಳಗೇ ಹೆಪ್ಪುಗಟ್ಟುತ್ತೆ, ಬೇಸಗೆಗೆ ಕರಗಿ ಪ್ಯಾಂಟಿಗೆ ಇಳಿಯುತ್ತೆ, ಆಮೇಲೆ ಕಮಟು ವಾಸನೆ.

ಬಿಸಿನೀರು ಇನ್ನೂ ಕೆಟ್ಟದ್ದು. ಕಾದ ನೀರಿಗೆ ಬಿದ್ದ ಚರ್ಮ ಮುದುಡಿ ಒಣಕಲಾಗಿ ಮುರಿಯುತ್ತೆ. ಮಾಡಿದವರು ತೆಗೆದ ಆಕಾರವೂ ಅಳಿಸಿಹೋಗುತ್ತೆ. ಒದ್ದೆ ಚರ್ಮದೊಳಗೆ ಕಬ್ಬಿಣ ಇಟ್ಟು ಒಣಗಿಸಿದರೆ ಬೆಳಗಾಗುವಷ್ಟರಲ್ಲಿ ತುಕ್ಕಿನ ಕಲೆ ಎದ್ದಿರುತ್ತೆ. ಅದು ನಿಮ್ಮ ತಂದೆಯವರ ರಿವಾಲ್ವರ್ ಸ್ವಾಮಿ, ಅದಕ್ಕೆ ಹಾಗೆ ಮಾಡಬೇಡಿ.

ಈಗ ಮಾಡಬೇಕಾದ್ದು ಹೇಳ್ತೀನಿ. ಮೊದಲು ಆಯುಧ ಖಾಲಿ ಮಾಡಿ. ನಿಮ್ಮದು ಬಗ್ಗಿಸುವ ಮಾದರಿ ಆದ್ದರಿಂದ ಆರೂ ತೂತು ಒಂದೇ ನೋಟಕ್ಕೆ ಕಾಣುತ್ತೆ, ನೋಡಿ, ಬೆರಳಿಟ್ಟೂ ನೋಡಿ. ತೋಟಾಗಳನ್ನು ಬೇರೆ ಕೋಣೆಗೆ ಕಳಿಸಿಬಿಡಿ, ಅದೇ ಮೇಜಿನ ಮೇಲೆ ಇಟ್ಟುಕೊಂಡು ಈ ಕೆಲಸ ಮಾಡೋದು ಬೇಡ.

ಆಮೇಲೆ ಒಂದು ಲೀಟರಿನ ನಂದಿನಿ ಹಾಲಿನ ಕವರ್ ತಗೊಳ್ಳಿ. ಸೋಪು ಹಾಕಿ ತೊಳೆದು, ಪೂರ್ತಿ ಒಣಗಿಸಿ, ಒಂದು ಪಕ್ಕ ಕತ್ತರಿಸಿ ಹಾಳೆ ಮಾಡಿಕೊಳ್ಳಿ. ಅದನ್ನು ನಳಿಗೆ, ಸಿಲಿಂಡರ್, ಟ್ರಿಗರ್ ಗಾರ್ಡಿಗೆ ಒಂದು ಸುತ್ತು ಸುತ್ತಿ. ಹಿಡಿಗೆ ಬೇಡ. ಅಂಗಡಿಯ ತೆಳು ಕ್ಯಾರಿಬ್ಯಾಗ್ ಆಗಲ್ಲ, ನಳಿಗೆ ತುದಿಯಲ್ಲಿ ಗುರಿ ನೋಡೋಕೆ ಇರುವ ಸೈಟಿನ ಮೊನೆ ತಾಗಿದ ಕೂಡಲೇ ಹರಿಯುತ್ತೆ. ಸುತ್ತಿದ ರಿವಾಲ್ವರನ್ನು ನೇರವಾಗಿ, ನಿಧಾನಕ್ಕೆ, ತಳ ಮುಟ್ಟುವ ತನಕ ಕೂರಿಸಿ. ತಳ್ಳುವಾಗ ಲ್ಯಾಚ್ ಬಿಚ್ಚಿಕೊಂಡಿಲ್ಲ ಅಂತ ನೋಡ್ತಾ ಇರಿ. ಕೂತಮೇಲೆ ಹಿಡಿ ಹಿಡಿದು ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ಅಲ್ಲಾಡಿಸಿ, ತಿರುಚಬೇಡಿ. ಒಂದು ರಾತ್ರಿ ಹಾಗೇ ಬೀರುವಿನೊಳಗೆ ಬೀಗ ಹಾಕಿ ಇಡಿ. ಬೆಳಗ್ಗೆ ತೆಗೆದು, ಕವರ್ ಬಿಚ್ಚಿ, ಬರೀ ರಿವಾಲ್ವರ್ ಹಾಕಿ ಎಳೆದು ನೋಡಿ.

ಹೆಚ್ಚಿನವು ಇಷ್ಟಕ್ಕೇ ದಾರಿಗೆ ಬರ್ತವೆ. ಸಾಲದಿದ್ದರೆ ಮಾರನೇ ರಾತ್ರಿ ಎರಡು ಸುತ್ತು. ಮೂರನೇ ಸುತ್ತಿಗೆ ಹೋಗಬೇಡಿ. ಅಷ್ಟಕ್ಕೂ ಬಗ್ಗದಿದ್ದರೆ ಅದು ಅಳತೆಯ ತಪ್ಪು, ಹೊಲಿದವರ ಹತ್ತಿರ ವಾಪಸ್ ಒಯ್ಯಿರಿ. ಅವರು ಅಚ್ಚಿಗೆ ಹಾಕಿ ಇನ್ನೊಮ್ಮೆ ಕೂರಿಸಿಕೊಡಬಹುದು.

ಎಲ್ಲಿಗೆ ನಿಲ್ಲಿಸಬೇಕು ಅನ್ನೋದೇ ಇದರಲ್ಲಿ ಮುಖ್ಯ. ಖಾಲಿ ರಿವಾಲ್ವರನ್ನು ಹೋಲ್ಸ್ಟರಿಗೆ ಹಾಕಿ, ಪಟ್ಟಿ ಬಿಚ್ಚಿಟ್ಟು, ಹಾಸಿಗೆಯ ಮೇಲೆ ತಲೆಕೆಳಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಬೀಳಬಾರದು. ಬೀಳದೆ, ಎಳೆದಾಗ ಮೊದಲ ಅರ್ಧ ಇಂಚು ಹಿಡಿದು ಆಮೇಲೆ ಸರ್ರನೆ ಬಂದರೆ ಅಲ್ಲಿಗೆ ಬಿಟ್ಟುಬಿಡಿ. ಇನ್ನೂ ಸ್ವಲ್ಪ ಸಡಿಲ ಇದ್ದಿದ್ದರೆ ಅಂತ ಆಸೆ ಆಗುತ್ತೆ. ಬೇಡ. ಬಳಸ್ತಾ ಬಳಸ್ತಾ ಅದು ಇನ್ನೊಂದಿಷ್ಟು ಬಿಟ್ಟುಕೊಡುತ್ತೆ, ಆ ಪಾಲನ್ನು ಈಗಲೇ ಖರ್ಚು ಮಾಡಬೇಡಿ.

ಒಂದು ಪ್ರಶ್ನೆ: ಚರ್ಮ ಯಾವ ಹದದ್ದು? ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಒಳಗಿನ ತನಕ ಕಂದು ಬಣ್ಣ ಇದ್ದರೆ ತೊಗಟೆಯಲ್ಲಿ ಹದ ಮಾಡಿದ್ದು. ಮಧ್ಯದಲ್ಲಿ ನೀಲಿ ಬೂದು ಗೆರೆ ಕಂಡರೆ ಕ್ರೋಮ್ ಹದ, ಅಂದರೆ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು. ನಾನು ಹೇಳಿದ್ದೆಲ್ಲ ತೊಗಟೆ ಹದದ ಚರ್ಮಕ್ಕೆ. ಹಿಂದೆ ನಮ್ಮ ಸೀಮೆಯಲ್ಲಿ ತಂಗಡಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡ್ತಿದ್ದರು. ಅಂಥ ಚರ್ಮಕ್ಕೆ ಒಮ್ಮೆ ಆಕಾರ ಕೊಟ್ಟರೆ ನೆನಪಿಟ್ಟುಕೊಳ್ಳುತ್ತೆ. ಕ್ರೋಮ್ ಚರ್ಮ ಎಷ್ಟು ಹಿಗ್ಗಿಸಿದರೂ ಮತ್ತೆ ಹಳೇ ಜಾಗಕ್ಕೇ ಬರುತ್ತೆ.

ಬನಶಂಕರಿ_ಹುಡುಗ

ವಿಷಯ ಬೇರೆ, ಕ್ಷಮಿಸಿ. "ನನ್ನ ಹೆಸರಿಗೆ ಬಂದಿದೆ" ಅಂದರೆ ಲೈಸೆನ್ಸ್ ವರ್ಗಾವಣೆಯಾ? ಕೊಡಗಿನಲ್ಲಿ ಲೈಸೆನ್ಸೇ ಬೇಡ ಅಂತಾರಲ್ಲ, ನಿಜವಾ?

ರೋಬಸ್ಟಾ_ಸಿದ್ದಾಪುರ

ಎಲ್ಲರಿಗೂ ಅಲ್ಲ. ಕೊಡವ ಜನಾಂಗದವರಿಗೆ ಮತ್ತೆ ಜಮ್ಮಾ, ಅಂದರೆ ಇಲ್ಲಿನ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. 1861ರಲ್ಲಿ ಬ್ರಿಟಿಷರ ಕಾಲದಲ್ಲೇ ಶುರುವಾಗಿದ್ದು. 2019ರಲ್ಲಿ ಕೇಂದ್ರ ಗೃಹ ಇಲಾಖೆ 2029ರ ತನಕ ಮುಂದುವರಿಸಿದೆ. ವಿನಾಯಿತಿ ಅಂದರೆ ಲೆಕ್ಕಪತ್ರ ಇಲ್ಲ ಅಂತಲ್ಲ, ಜಿಲ್ಲಾಧಿಕಾರಿ ಕಚೇರಿಯಿಂದ ವಿನಾಯಿತಿ ಪತ್ರ ಮಾಡಿಸಿಕೊಳ್ಳಬೇಕು. ನಮ್ಮಲ್ಲಿ ಕೋವಿ ಅಂದರೆ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ನಲ್ಲಿ ಹೂವಿಟ್ಟು ಪೂಜೆ ಮಾಡುವ ವಸ್ತು, ಸುಗ್ಗಿ ಹಬ್ಬ ಪುತ್ತರಿಗೆ ಭತ್ತದ ಕದಿರು ತೆಗೆಯುವಾಗ ಗುಂಡು ಹಾರಿಸೋದೂ ಅದರಲ್ಲೇ. ಅದಕ್ಕೇ ಹೋಲ್ಸ್ಟರ್ ವಿಷಯದಲ್ಲೂ ಇಷ್ಟು ತಲೆಕೆಡಿಸಿಕೊಂಡಿರೋದು.

ಮೈಸೂರಿನ ಅಣ್ಣ, ಅಂಚು ನೋಡಿದೆ. ಪೂರ್ತಿ ಕಂದು, ನೀಲಿ ಗೆರೆ ಇಲ್ಲ. ಇವತ್ತು ರಾತ್ರಿಯೇ ಹಾಲಿನ ಕವರ್ ಹಾಕ್ತೀನಿ.

ಹವಾಲ್ದಾರ್_ಪೊನ್ನಂಪೇಟೆ (ನಿವೃತ್ತ)

ಚರ್ಮದ ವಿಚಾರ ಮೈಸೂರಿನವರು ಸರಿಯಾಗಿ ಹೇಳಿದ್ದಾರೆ. ನಾನು ಸೈನ್ಯದಲ್ಲಿ 9 ಎಂಎಂ 1ಎ ಪಿಸ್ತೂಲಿನ ತರಬೇತಿ ಕೊಟ್ಟವನು. ಎಳೆಯುವ ಕೈಯ ಬಗ್ಗೆ ಎರಡು ಮಾತು.

ತಮ್ಮ, "ಬೆಲ್ಟು ಸಮೇತ ಮೇಲೆ ಬರುತ್ತೆ" ಅಂತ ಬರೆದಿದ್ದೀಯಲ್ಲ, ಅದರಲ್ಲಿ ಅರ್ಧ ತಪ್ಪು ಬೆಲ್ಟಿನದ್ದು. ಪ್ಯಾಂಟಿಗೆ ಹಾಕುವ ತೆಳು ಬೆಲ್ಟಿಗೆ ಹೋಲ್ಸ್ಟರ್ ಸಿಕ್ಕಿಸಿದರೆ ಎಂಥ ಹದವಾದ ಚರ್ಮವೂ ಬಿಟ್ಟುಕೊಡಲ್ಲ, ಯಾಕಂದ್ರೆ ಎದುರು ಹಿಡಿದುಕೊಳ್ಳೋಕೆ ಏನೂ ಇಲ್ಲ. ಒಂದೂವರೆ ಇಂಚು ಅಗಲದ, ಎರಡು ಪದರ ಹೊಲಿದ ಗಟ್ಟಿ ಬೆಲ್ಟು ಹಾಕು. ಹೋಲ್ಸ್ಟರಿನ ಸೀಳಿಗೂ ಬೆಲ್ಟಿಗೂ ನಡುವೆ ಜಾಗ ಉಳಿಯಬಾರದು. ಸೀಳು ದೊಡ್ಡದಿದ್ದು ಬೆಲ್ಟು ಚಿಕ್ಕದಾದರೆ ಮೊದಲು ಹೋಲ್ಸ್ಟರ್ ಮೇಲೆ ಹೋಗುತ್ತೆ, ಆಮೇಲೆ ರಿವಾಲ್ವರ್.

ಎರಡನೇದು, ಎಳೆಯುವ ದಿಕ್ಕು. ಹೋಲ್ಸ್ಟರ್ ಎಷ್ಟು ವಾಲಿದೆಯೋ ಅದೇ ವಾಲಿಗೆ ಎಳೀಬೇಕು. ಹೊಸಬರೆಲ್ಲ ಮೊಣಕೈ ಹೊರಗೆ ಚಾಚಿ ಮುಂದಕ್ಕೆ ಎಳೀತಾರೆ. ಆಗ ನಳಿಗೆ ಒಳಗೆ ಅಡ್ಡ ಸಿಕ್ಕಿಕೊಳ್ಳುತ್ತೆ, ಹೋಲ್ಸ್ಟರ್ ಬಿಗಿ ಅಂತ ಬೈತಾರೆ. ಮೊಣಕೈ ಬೆನ್ನಿನ ಹಿಂದಕ್ಕೆ ಹೋಗಲಿ, ಮಣಿಕಟ್ಟು ಮುರಿಯದೆ ಕೈ ನೇರ ಮೇಲಕ್ಕೆ ಬರಲಿ. ನಳಿಗೆಯ ತುದಿ ಬಾಯಿಂದ ಪೂರ್ತಿ ಹೊರಗೆ ಬಂದಮೇಲೆ ಮುಂದಕ್ಕೆ. ತೋರುಬೆರಳು ಅಷ್ಟು ಹೊತ್ತೂ ರಿವಾಲ್ವರಿನ ಚೌಕಟ್ಟಿನ ಮೇಲೆ ಉದ್ದಕ್ಕೆ ಮಲಗಿರಬೇಕು, ಟ್ರಿಗರಿನ ಹತ್ತಿರ ಸುಳಿಯಬಾರದು. ಖಾಲಿ ಇದ್ದರೂ ಸರಿಯೇ, ಖಾಲಿ ಇದ್ದಾಗ ಕಲಿತ ಅಭ್ಯಾಸವೇ ತುಂಬಿದಾಗಲೂ ಬರೋದು.

ವೇಗ ಬೇಡ. ಬಾಗಿಲು ಹಾಕಿದ ಕೋಣೆ, ಎದುರಿಗೆ ಗಟ್ಟಿ ಗೋಡೆ, ಮನೆಯ ಮಕ್ಕಳು ಹೊರಗೆ. ನಿಧಾನಕ್ಕೆ ಎಳಿ, ಅಷ್ಟೇ ನಿಧಾನಕ್ಕೆ ವಾಪಸ್ ಹಾಕು. ಹಾಕುವಾಗ ಕಣ್ಣು ಹೋಲ್ಸ್ಟರಿನ ಬಾಯಿಯ ಮೇಲೇ ಇರಲಿ. ನಾನು ಕಂಡ ಮಟ್ಟಿಗೆ ಅಪಾಯ ಇರೋದು ಎಳೆಯುವಾಗಲ್ಲ, ಹಾಕುವಾಗ. ಅಂಗಿಯ ಅಂಚೋ ಮೆತ್ತಗಾದ ಚರ್ಮದ ಮಡಿಕೆಯೋ ಟ್ರಿಗರ್ ಗಾರ್ಡಿನೊಳಗೆ ನುಗ್ಗಿದರೆ ಬೆರಳಿನ ಕೆಲಸ ಅದೇ ಮಾಡಿಬಿಡುತ್ತೆ. ಹೋಲ್ಸ್ಟರ್ ಮೆತ್ತಗೆ ಮಾಡಬೇಡಿ ಅಂತ ಮೈಸೂರಿನವರು ಕೈಮುಗಿದು ಹೇಳ್ತಿರೋದಕ್ಕೆ ಇದೂ ಒಂದು ಕಾರಣ.

ಹ್ಯೂಸ್ಟನ್_ಕನ್ನಡಿಗ

ಇಲ್ಲಿ ಟೆಕ್ಸಾಸ್‌ನಲ್ಲೂ ಚರ್ಮದ ಹೋಲ್ಸ್ಟರ್ ಕೊಂಡವರೆಲ್ಲ ಮಾಡೋದು ಇದನ್ನೇ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿ ಇಡೋದು. ಗ್ಯಾಲ್ಕೋ ಕಂಪನಿ ಒಳಮೈಗೆ ಹಚ್ಚುವ ಡ್ರಾ-ಈಜಿ ಅನ್ನೋ ದ್ರವವನ್ನೂ ಮಾರುತ್ತೆ. ಚರ್ಮ ಮೆತ್ತಗೆ ಮಾಡದೆ ಮೇಲ್ಮೈ ಮಾತ್ರ ಜಾರುವ ಹಾಗೆ ಮಾಡೋದು ಅದರ ಕೆಲಸ. ಊರಿಗೆ ಬರುವಾಗ ಬೇಕಾದರೆ ತರ್ತೀನಿ.

ರೋಬಸ್ಟಾ_ಸಿದ್ದಾಪುರ

ಹವಾಲ್ದಾರ್ ಮಾವ, ಮೈಸೂರಿನ ಅಣ್ಣ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಾಲಿನ ಕವರ್ ಕೆಲಸ ಮಾಡಿದೆ. ಈಗ ಒಂದೇ ಕೈಯಲ್ಲಿ ಬರುತ್ತೆ. ಆದರೆ ಎರಡು ತಕರಾರು ಉಳಿದಿವೆ. ಎಳೆಯುವಾಗ ಕೊನೆಯ ಭಾಗದಲ್ಲಿ ಎಲ್ಲೋ ಗೀರಿದ ಹಾಗೆ ಕೈಗೆ ಗೊತ್ತಾಗುತ್ತೆ. ರಿವಾಲ್ವರ್ ಹೊರಗೆ ತೆಗೆದು ನೋಡಿದರೆ ನಳಿಗೆ ತುದಿಯ ಸೈಟಿನ ಮೇಲೆ ಚರ್ಮದ ಸಣ್ಣ ಪುಡಿ ಕೂತಿರುತ್ತೆ. ಮತ್ತೆ ಆ ಪಟ್ಟಿಯ ಬಟನ್ ಇನ್ನೂ ಕೂರ್ತಾ ಇಲ್ಲ, ಕಾಲು ಇಂಚು ಬೇಕು.

ಜೀನು_ಲಗಾಮು_ಮೈಸೂರು

ಪುಡಿ ಕಂಡಿದ್ದು ಒಳ್ಳೇದಾಯ್ತು, ಎಲ್ಲಿ ತಾಗುತ್ತೆ ಅಂತ ಅದೇ ಹೇಳ್ತಾ ಇದೆ. ಹೋಲ್ಸ್ಟರಿನೊಳಕ್ಕೆ ಟಾರ್ಚ್ ಬಿಡಿ. ಒಳಗಿರೋದು ಚರ್ಮದ ಮಾಂಸದ ಕಡೆಯ ಮೈ, ನವಿರು ನವಿರಾಗಿ ಎಳೆ ಎದ್ದಿರುತ್ತೆ. ಲೋಹ ಒತ್ತಿ ಹೋದಲ್ಲಿ ಮಾತ್ರ ಆ ಎಳೆ ಮಲಗಿ ಕಪ್ಪಗೆ ಹೊಳೆಯುತ್ತೆ. ಸಿಲಿಂಡರಿನ ಎರಡೂ ಪಕ್ಕ ಅಗಲವಾದ ಹೊಳಪು ಇದ್ದರೆ ಅದು ಸರಿ, ಅಲ್ಲೇ ಹಿಡಿತ ಇರಬೇಕು. ಮುಂಭಾಗದ ಹೊಲಿಗೆಯ ಉದ್ದಕ್ಕೂ ಕಿರುಬೆರಳ ಉಗುರಿಗಿಂತ ತೆಳು ಗೆರೆಯೊಂದು ಕಾಣಬೇಕು, ಅದು ಸೈಟ್ ಓಡಾಡಿದ ದಾರಿ. ಆ ಗೆರೆ ಎಲ್ಲಿ ಹರಿದು ನಾರು ಎದ್ದಿದೆಯೋ ಅಲ್ಲೇ ಗೀರ್ತಾ ಇರೋದು.

ಸ್ಯಾಂಡ್‌ಪೇಪರ್ ಹಾಕಬೇಡಿ, ಎಳೆ ಇನ್ನಷ್ಟು ಏಳುತ್ತೆ. ಬ್ಲೇಡಿನಿಂದ ಹೆರೆಯಲೂ ಬೇಡಿ. ಸ್ಟೀಲ್ ಚಮಚದ ಹಿಡಿ ಇರುತ್ತಲ್ಲ, ತುದಿ ದುಂಡಗೆ ನುಣುಪಾಗಿರೋದು, ಅದನ್ನು ಒಳಗೆ ಬಿಟ್ಟು ಆ ಗೆರೆಯ ಮೇಲೆ ಬಾಯಿಯ ಕಡೆಗೆ ಒತ್ತಿ ಉಜ್ಜಿ. ಒಂದೇ ದಿಕ್ಕಿಗೆ. ಮೊದಲು ಕರಕರ ಅನ್ನುತ್ತೆ, ಎಳೆ ಮಲಗಿದ ಮೇಲೆ ಸದ್ದು ನಿಲ್ಲುತ್ತೆ, ಚಮಚ ಜಾರೋಕೆ ಶುರುವಾಗುತ್ತೆ. ನೀರು, ಎಣ್ಣೆ, ಮೇಣ ಯಾವುದೂ ಬೇಡ. ಮೇಣ ಜಾರುತ್ತೆ ಅಂದ್ಕೋತಾರೆ, ಒಳಮೈಗೆ ಹಚ್ಚಿದರೆ ಅದು ಧೂಳು ಹಿಡಿದು ಅಂಟಾಗುತ್ತೆ. ಹ್ಯೂಸ್ಟನ್‌ನವರು ಹೇಳಿದ ದ್ರವ ಸಿಕ್ಕರೆ ಒಳ್ಳೇದೇ, ಸಿಗದಿದ್ದರೂ ಚಮಚ ಸಾಕು.

ಪಟ್ಟಿಗೆ ಹಾಲಿನ ಕವರ್ ಹಾಕಿದ ಸ್ಥಿತಿಯಲ್ಲೇ ಕೆಲಸ ಮಾಡಬೇಕು. ಖಾಲಿ ರಿವಾಲ್ವರ್ ತಳ ಮುಟ್ಟಿ ಕೂತಿದೆ ಅಂತ ಖಾತ್ರಿ ಮಾಡಿಕೊಳ್ಳಿ, ಒಂದು ನೂಲು ಮೇಲಿದ್ದರೂ ಬಟನ್ ಕೂರಲ್ಲ. ಆಮೇಲೆ ಪಟ್ಟಿಯನ್ನು ಬೆರಳುಗಳ ನಡುವೆ ಹಿಡಿದು, ಬುಡದಿಂದ ತುದಿಗೆ ಜಗ್ಗುತ್ತಾ, ಹೆಬ್ಬೆರಳಿನಿಂದ ಹ್ಯಾಮರ್ ಹಿಂದಿನ ತಿರುವಿನ ಮೇಲೆ ಒತ್ತಿ ಮಡಿಸುತ್ತಾ ಬನ್ನಿ. ಬೆರಳಿನ ಶಾಖಕ್ಕೇ ಅದು ಬಗ್ಗುತ್ತೆ. ಕಾಲು ಇಂಚು ಖಂಡಿತ ಬರುತ್ತೆ. ಬಟನ್ ಒಮ್ಮೆ ಕೂತರೆ ಹಾಗೇ ರಾತ್ರಿ ಬಿಡಿ. ಇಕ್ಕಳದಲ್ಲಿ ಎಳೀಬೇಡಿ, ಬಟನ್ ಬುಡದಲ್ಲಿ ಚರ್ಮ ಹರಿದು ತೂತು ದೊಡ್ಡದಾಗುತ್ತೆ.

ರೋಬಸ್ಟಾ_ಸಿದ್ದಾಪುರ

ಬಟನ್ ಕೂತಿತು! ಗೀರೋದೂ ನಿಂತಿದೆ. ತಲೆಕೆಳಗೆ ಹಿಡಿದೂ ನೋಡಿದೆ, ಬೀಳಲಿಲ್ಲ. ಬೆಲ್ಟು ಒಂದು ಗಟ್ಟಿಯದು ನಿಮ್ಮಲ್ಲೇ ಹೊಲಿಸಿಕೊಳ್ತೀನಿ. ಕೊನೆಗೊಂದು ಮಾತು, ಮಳೆಗಾಲ ಬರ್ತಾ ಇದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬೀರುವಿನ ಒಳಗಿನ ಚಪ್ಪಲಿಗೂ ಬೂಷ್ಟು ಬರುತ್ತೆ. ಹೋಲ್ಸ್ಟರ್ ಹೇಗೆ ಕಾಪಾಡಲಿ?

ಜೀನು_ಲಗಾಮು_ಮೈಸೂರು

ಮಳೆಗಾಲದಲ್ಲಿ ರಿವಾಲ್ವರನ್ನು ಹೋಲ್ಸ್ಟರಿನೊಳಗೆ ಇಟ್ಟು ಎತ್ತಿಡಬೇಡಿ. ಇದು ಕೊಡಗಿನ ಪ್ರತಿ ಗಿರಾಕಿಗೂ ನಾನು ಹೇಳುವ ಮಾತು. ಚರ್ಮ ಗಾಳಿಯ ತೇವ ಹೀರಿಕೊಂಡು ಲೋಹಕ್ಕೆ ಒತ್ತಿಕೊಂಡೇ ಇರುತ್ತೆ, ಹದ ಮಾಡಿದ ಪದಾರ್ಥದ ಹುಳಿಯೂ ಅದರಲ್ಲಿರುತ್ತೆ. ನಳಿಗೆಯ ಮೇಲೆ ಚರ್ಮ ತಾಗಿದ ಆಕಾರದಲ್ಲೇ ತುಕ್ಕು ಏಳುತ್ತೆ. ಮನೆಗೆ ಬಂದ ಕೂಡಲೇ ಎರಡನ್ನೂ ಬೇರೆ ಮಾಡಿ. ರಿವಾಲ್ವರನ್ನು ಗನ್ ಆಯಿಲ್ ಸವರಿದ ಬಟ್ಟೆಯಲ್ಲಿ ಒರೆಸಿ ಬೀಗದೊಳಗೆ ಇಡಿ, ಹೋಲ್ಸ್ಟರಿಗೆ ಹಾಕುವ ಮೊದಲು ಆ ಎಣ್ಣೆ ಒರೆಸಿ ತೆಗೆಯಿರಿ.

ಹೋಲ್ಸ್ಟರ್ ನೆನೆದಿದ್ದರೆ ಒಣಬಟ್ಟೆಯಲ್ಲಿ ಒತ್ತಿ, ಗಾಳಿ ಆಡುವ ಕಡೆ ನೆರಳಲ್ಲಿ ತೂಗುಹಾಕಿ. ಒಲೆ ಹತ್ತಿರ, ಹೇರ್ ಡ್ರೈಯರ್, ಬಿಸಿಲು ಯಾವುದೂ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಲೂ ಬೇಡಿ, ಬೂಷ್ಟಿಗೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಬೂಷ್ಟು ಬಂದೇಬಿಟ್ಟರೆ ಮನೆಯ ಹೊರಗೆ ಒಣಬಟ್ಟೆಯಲ್ಲಿ ಒರೆಸಿ ಗಾಳಿಗೆ ಬಿಡಿ. ಹೊರಮೈಗೆ ವರ್ಷಕ್ಕೊಂದೆರಡು ಸಲ ಬಣ್ಣವಿಲ್ಲದ ಶೂ ಪಾಲಿಶ್ ತೆಳ್ಳಗೆ, ಒಳಗೆ ಏನೂ ಇಲ್ಲ.

ಮತ್ತೆ ಹೋಲ್ಸ್ಟರಿನ ಜೊತೆ ತೋಟಾ ಸಿಕ್ಕಿಸುವ ಚರ್ಮದ ಕುಣಿಕೆಯೂ ಹೊಲಿದುಕೊಟ್ಟಿದ್ದಾರಾ? ಕೊಟ್ಟಿದ್ದರೆ ತೋಟಾಗಳನ್ನು ಇವತ್ತೇ ಅದರಿಂದ ತೆಗೆದು ಡಬ್ಬಿಗೆ ಹಾಕಿಡಿ. ಹಿತ್ತಾಳೆ ಚರ್ಮದಲ್ಲಿ ಉಳಿದರೆ ಹಸಿರು ಕಿಲುಬು ಹಿಡಿಯುತ್ತೆ, ಕಿಲುಬು ಹಿಡಿದ ತೋಟಾ ಸಿಲಿಂಡರಿನಲ್ಲಿ ಕಚ್ಚಿಕೊಂಡು ಹೊರಗೆ ಬರಲ್ಲ. ಹೊರಗೆ ಹೋಗುವ ದಿನ ಮಾತ್ರ ಸಿಕ್ಕಿಸಿಕೊಳ್ಳಿ.